ಗುಳಿಯೊ ಸಿಡಿದ ವೀಡಿಯೊ, ಕೇಳದೆ ತೆಗೆದ ಟಿಕೆಟ್

ಪತ್ರ: ನನಗೆ 30 ವರ್ಷ. ತವರು ಮೈಸೂರು, ಕನ್ನಡ ಮಾತಾಡುವ ಕಥೋಲಿಕ ಮನೆ. ಗಂಡ ಮಂಗಳೂರಿನ ಕೊಂಕಣಿ ಕಥೋಲಿಕರು. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಮಗಳಿಗೆ ಮೂರೂವರೆ ವರ್ಷ. ಮದುವೆಯಾದ ಮೇಲೆ ಇದು ಐದನೇ ಕ್ರಿಸ್‌ಮಸ್. ಮೊದಲ ಮೂರೂ ಮಂಗಳೂರಿನಲ್ಲಿ ಆದವು. ಕಳೆದ ವರ್ಷ ನಾನೇ ಹಟ ಹಿಡಿದು, ಬೆಂಗಳೂರಿನ ನಮ್ಮ ಮನೆಯಲ್ಲೇ ಮಾಡೋಣ ಅಂದೆ. ಅತ್ತೆ, ಮಾವ, ನಾದಿನಿಯ ಸಂಸಾರ ಎಲ್ಲರೂ ಬಂದರು. ಎಲ್ಲಾ ಎಡವಟ್ಟಾಯಿತು. ಕೇಕ್ ಮೇಲೆ ಕೆಂಪಗಾಗಿ ಒಳಗೆ ಹಸಿಯಾಗಿತ್ತು. ಹಬ್ಬಕ್ಕೆ ಕರಿಯುವ ಗುಳಿಯೊ ಉಂಡೆ ಎಣ್ಣೆಯಲ್ಲಿ ಪಟಾಕಿಯ ಹಾಗೆ ಸಿಡಿದು ನನ್ನ ಮಣಿಕಟ್ಟು ಸುಟ್ಟಿತು. ಅತ್ತೆ ಒಂದೂ ಮಾತಾಡದೆ ಸೌಟು ಕಿತ್ತುಕೊಂಡು, ನನ್ನನ್ನು ಅಡುಗೆಮನೆಯಿಂದ ಆಚೆ ಕಳಿಸಿದರು. 24ರ ರಾತ್ರಿ ಚರ್ಚಿನಲ್ಲಿ ಜಾಗರಣೆಯ ಪೂಜೆಯಲ್ಲಿ ಮಗಳು ಕಿರುಚಿದಳು, ನಾನು ಅವಳನ್ನು ಎತ್ತಿಕೊಂಡು ಹೊರಗೆ ನಿಂತೆ. ಮನೆಗೆ ಬಂದು ನೋಡಿದರೆ ಗೋದಲಿಯಲ್ಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆ) ಬಾಲಯೇಸುವೇ ಇಲ್ಲ. ಮಗಳು ಎಲ್ಲೋ ಇಟ್ಟಿದ್ದಳು. ಅತ್ತೆ ತಮ್ಮ ಜಪಸರವನ್ನು ಸುತ್ತಿ ಆ ಜಾಗದಲ್ಲಿಟ್ಟು ಕೊಂಕಣಿಯಲ್ಲಿ ಏನೋ ಅಂದರು, ಎಲ್ಲರೂ ನಕ್ಕರು. ಗಂಡ ಗುಳಿಯೊ ಸಿಡಿದಾಗ ತಾವೇ ತೆಗೆದ ವೀಡಿಯೊವನ್ನು ಅವರ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, 'ಮುಂದಿನ ವರ್ಷ ಊರಿಗೇ ಹೋಗುವುದು ಒಳ್ಳೆಯದು' ಎಂದು ಬರೆದರು. ಈ ವರ್ಷ ನನ್ನನ್ನು ಕೇಳದೆ ಡಿಸೆಂಬರ್ 23ರ ರಾತ್ರಿ ಮಂಗಳೂರು ರೈಲಿಗೆ ಟಿಕೆಟ್ ತೆಗೆದಿದ್ದಾರೆ. ನನ್ನ ಅಪ್ಪನಿಗೆ ಜೂನ್‌ನಲ್ಲಿ ಸ್ಟೆಂಟ್ ಹಾಕಿದ್ದಾರೆ. ಮಗಳನ್ನು ಕರೆದುಕೊಂಡು ನಾನೊಬ್ಬಳೇ ಮೈಸೂರಿಗೆ ಹೋದರೆ ತಪ್ಪಾ?
— ಹೆಸರು ಬೇಡ, ಬೆಂಗಳೂರು

ಉತ್ತರ:

ತಂಗೀ, ಮೊದಲು ಮಣಿಕಟ್ಟು ಹೇಗಿದೆ? ಕಲೆ ಉಳಿದಿದೆಯಾ? ಎಣ್ಣೆ ಸಿಡಿದಾಗ ಎಷ್ಟೋ ಮನೆಗಳಲ್ಲಿ ಟೂತ್‌ಪೇಸ್ಟ್ ಹಚ್ಚುತ್ತಾರೆ, ಅದೊಂದು ಬೇಡ. ಸುಟ್ಟ ಜಾಗವನ್ನು ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕು. ಸುಟ್ಟದ್ದು ಜಾಸ್ತಿ ಇದ್ದರೆ ಡಾಕ್ಟರ ಹತ್ತಿರ ಹೋಗಬೇಕು, ಅಷ್ಟೇ.

ಗುಳಿಯೊ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಅದರಲ್ಲಿ ನಿಮ್ಮ ತಪ್ಪು ನೀವು ಅಂದುಕೊಂಡಷ್ಟು ಇಲ್ಲ. ಅಕ್ಕಿಹಿಟ್ಟು, ತೆಂಗಿನ ಹಾಲು ಕಲಸಿ ಗೋಲಿಯ ಹಾಗೆ ಉಂಡೆ ಮಾಡಿ ಕರಿಯುವ ತಿಂಡಿ ಅದು. ಹಿಟ್ಟನ್ನು ಸರಿಯಾಗಿ ಜರಡಿ ಹಿಡಿಯದಿದ್ದರೆ, ಉಂಡೆಯನ್ನು ತುಂಬಾ ಬಿಗಿಯಾಗಿ ಒತ್ತಿದರೆ, ಒಳಗಿನ ಹಬೆಗೆ ಹೊರಗೆ ಬರಲು ದಾರಿ ಇರುವುದಿಲ್ಲ. ಹೊರಗೆ ಗಟ್ಟಿ ಸಿಪ್ಪೆ ಕಟ್ಟುತ್ತದೆ, ಒಳಗೆ ನೀರು ಕುದಿಯುತ್ತದೆ. ಆಮೇಲೆ ಢಂ. ಗೋಕುಲಾಷ್ಟಮಿಗೆ ಇಂಥದ್ದೇ ಪುಟ್ಟ ಉಂಡೆ ಕರಿಯುವ ಮನೆಗಳಲ್ಲೂ ಇದೇ ಕಥೆ. ನಮ್ಮ ದೊಡ್ಡಮ್ಮ ಬಾಣಲೆಯ ಎದುರು ಮೊರ ಅಡ್ಡ ಹಿಡಿದುಕೊಂಡು ನಿಲ್ಲುತ್ತಿದ್ದರು, ಯುದ್ಧಕ್ಕೆ ಹೊರಟವರ ಹಾಗೆ. ಕೇಕಿನದೂ ಅಷ್ಟೇ. ಒಣಹಣ್ಣು ಜಾಸ್ತಿ ಹಾಕಿದ ಕೇಕನ್ನು ಹೆಚ್ಚು ಉರಿಯಲ್ಲಿಟ್ಟರೆ ಮೇಲೆ ಬೇಗ ಕೆಂಪಾಗುತ್ತದೆ, ನಡುವೆ ಹಸಿ ಉಳಿಯುತ್ತದೆ. 160 ಡಿಗ್ರಿ ಸಾಕು, ತಾಳ್ಮೆ ಬೇಕು. ಕಡ್ಡಿ ಚುಚ್ಚಿ ನೋಡದೆ ಹೊರಗೆ ತೆಗೆಯಬಾರದು.

ನನಗೆ ಕುಸ್ವಾರ್, ಅಂದರೆ ಕರಾವಳಿಯ ಕ್ರಿಸ್‌ಮಸ್ ತಿಂಡಿಗಳ ಪರಿಚಯ ಆಗಿದ್ದು ಪಕ್ಕದ ಮನೆಯಿಂದ ಬರುತ್ತಿದ್ದ ತಟ್ಟೆಯಲ್ಲಿ. ಮೇಲೊಂದು ಕ್ರೋಶಾ ಹಾಕಿದ ಬಿಳಿ ಬಟ್ಟೆ. ಅದನ್ನು ಎತ್ತಿದರೆ ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ, ಒಂದು ತುಂಡು ಕೇಕ್. ಆ ತಟ್ಟೆಯನ್ನು ನಮ್ಮಮ್ಮ ಎಂದೂ ಖಾಲಿ ವಾಪಸು ಕಳಿಸುತ್ತಿರಲಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಿದ್ದರು. ಆಮೇಲೆ ದೊಡ್ಡವಳಾದ ಮೇಲೆ ಒಂದು ಡಿಸೆಂಬರ್ ಆ ಮನೆಯ ಅಡುಗೆಮನೆಯಲ್ಲಿ ಕೂತಿದ್ದೆ. ಅಲ್ಲಿ ತಿಳಿಯಿತು, ಆ ತಟ್ಟೆಯ ಹಿಂದೆ ನಾಲ್ಕು ಹೆಂಗಸರ ಎಂಟು ದಿನದ ಕೆಲಸ ಇರುತ್ತದೆ ಅಂತ. ಒಬ್ಬರು ಕಲಸಿದರೆ ಇನ್ನೊಬ್ಬರು ಬಾಚಣಿಗೆಯ ಬೆನ್ನಿಗೆ ಹಿಟ್ಟು ಒತ್ತಿ ಕಿಡಿಯೊ ಸುರುಳಿ ಮಾಡುತ್ತಿದ್ದರು. ಹೂವಿನ ಆಕಾರದ ಕೊಕ್ಕಿಸಾಂ ಅಚ್ಚನ್ನು ಕಾದ ಎಣ್ಣೆಯಲ್ಲಿ ಬಿಸಿ ಮಾಡಿ, ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಅದ್ದಬೇಕು. ಅಂಚಿನ ಮೇಲೆ ಹಿಟ್ಟು ಹತ್ತಿತೋ, ಹೂವು ಅಚ್ಚು ಬಿಡುವುದೇ ಇಲ್ಲ. ಹೊಸ ಅಚ್ಚಾದರೆ ಮೊದಲ ಏಳೆಂಟು ಹೂವು ಹರಿದೇ ಹೋಗುತ್ತವೆ. ಅವನ್ನು ಅಲ್ಲಿದ್ದ ಮಕ್ಕಳು ತಿನ್ನುತ್ತಿದ್ದರು, ನಾನೂ ತಿಂದೆ. ಇದನ್ನೆಲ್ಲಾ ನೀವು ಆಫೀಸು ಮುಗಿಸಿ ಬಂದು, ಎರಡೂವರೆ ವರ್ಷದ ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು, ಒಬ್ಬರೇ ಮಾಡಲು ಹೊರಟಿದ್ದಿರಿ. ಯಾಕೆ ಒಬ್ಬರೇ? ನಿಮ್ಮ ಯಜಮಾನರು ಅಷ್ಟೊತ್ತಿಗೆ ಎಲ್ಲಿದ್ದರು? ಪತ್ರದ ಪ್ರಕಾರ ಮೊಬೈಲ್ ಹಿಡಿದು ವೀಡಿಯೊ ತೆಗೆಯುತ್ತಿದ್ದರು.

ಸಿಟ್ಟು ಬರಬೇಕಾದದ್ದು ಅದಕ್ಕೇ, ಬಂದದ್ದು ಸರಿಯಾಗಿಯೇ ಇದೆ. ಆದರೆ ಅದರ ಮುಖ ಸ್ವಲ್ಪ ಬೇರೆ ಕಡೆ ತಿರುಗಿದೆಯೇನೋ ಅಂತ ನನ್ನ ಅನುಮಾನ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಅತ್ತೆ ಎರಡು ಕೆಲಸ ಮಾಡುತ್ತಾರೆ. ಒಂದು, ನಿಮ್ಮ ಕೈ ಸುಟ್ಟಾಗ ಸೌಟು ಕಿತ್ತುಕೊಂಡು ನಿಮ್ಮನ್ನು ಆಚೆ ಕಳಿಸುತ್ತಾರೆ. ಎರಡು, ಬಾಲಯೇಸು ಕಾಣೆಯಾದಾಗ ತಮ್ಮ ಜಪಸರವನ್ನು ಸುತ್ತಿ ಆ ಜಾಗದಲ್ಲಿ ಇಡುತ್ತಾರೆ. ಎರಡೂ ನಿಮ್ಮನ್ನು ಚುಚ್ಚಲು ಮಾಡಿದ್ದು ಅಂತ ನಿಮಗೆ ಅನ್ನಿಸಿದೆ. ಇರಬಹುದು, ನಾನು ಅಲ್ಲಿರಲಿಲ್ಲ. ಆದರೆ ಸಿಡಿಯುತ್ತಿರುವ ಬಾಣಲೆಯ ಎದುರು ಸೊಸೆಯ ಬದಲು ತಾವು ನಿಂತ ಹೆಂಗಸಿಗೆ ಸಿಹಿ ಮಾತು ಬರದೇ ಇರಬಹುದು. ಕೈ ಮಾತ್ರ ಸರಿಯಾದ ಕೆಲಸವನ್ನೇ ಮಾಡಿದೆ. ಇನ್ನು ಆ ಜಪಸರ. ಖಾಲಿ ಹುಲ್ಲಿನ ಮೇಲೆ ದಿನಾ ಬೆರಳಲ್ಲಿ ಹಿಡಿಯುವ ಜಪಸರವನ್ನು ಇಡುವವರು ಹಬ್ಬ ನಿಲ್ಲಬಾರದು ಅಂತ ಇಟ್ಟಿದ್ದಾರು ಎಂದೇ ನನಗೆ ತೋರುತ್ತದೆ.

ಆಗ ಅವರು ಏನಂದರು? ಅದೇ ನಿಮಗೆ ಗೊತ್ತಿಲ್ಲ. ಎಲ್ಲರೂ ನಕ್ಕರು, ನಿಮಗೆ ಅರ್ಥವಾಗಲಿಲ್ಲ. ಹನ್ನೊಂದು ತಿಂಗಳಿಂದ ಆ ಒಂದು ವಾಕ್ಯವನ್ನು ನಿಮಗೆ ನೀವೇ ಅನುವಾದ ಮಾಡಿಕೊಳ್ಳುತ್ತಾ ಇದ್ದೀರಿ, ಪ್ರತಿ ಸಲವೂ ಇನ್ನಷ್ಟು ಕೆಟ್ಟದಾಗಿ. ಸುಮ್ನೆ ಕೇಳಿಬಿಡಿ. 'ಅವತ್ತು ನೀವು ಏನಂದಿರಿ ಅತ್ತೆ, ನನಗೆ ಗೊತ್ತಾಗಲೇ ಇಲ್ಲ' ಅಂತ. ಗಂಡನ ಮೂಲಕ ಬೇಡ, ನೇರವಾಗಿ, ಫೋನಿನಲ್ಲೇ ಆದರೂ ಸರಿ. ಕೆಟ್ಟ ಮಾತೇ ಆಗಿದ್ದರೆ ಅದೂ ಗೊತ್ತಾಗಲಿ. ಗೊತ್ತಿಲ್ಲದ ಮಾತಿನ ಜೊತೆ ಜಗಳ ಆಡುವುದು ಕಷ್ಟ.

ಭಾಷೆಯ ವಿಷಯ ಬಂದಿತಲ್ಲ, ಒಂದು ಮಾತು. ನಿಮ್ಮಿಬ್ಬರ ಅಜ್ಜ-ಅಜ್ಜಿಯರ ಕಾಲದಲ್ಲಿ ಮೈಸೂರಿನಲ್ಲೂ ಮಂಗಳೂರಿನಲ್ಲೂ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ತಾನೇ ಕನ್ನಡ, ಕೊಂಕಣಿ ಬಂದದ್ದು. ಅಲ್ಲಿಯವರೆಗೆ ಎರಡೂ ಕಡೆಯ ಜನರಿಗೆ ಅರ್ಥವಾಗುತ್ತಿದ್ದುದು ಅಷ್ಟಕ್ಕಷ್ಟೇ, ಸಮಸಮ. ಈಗ ಒಬ್ಬರಿಗೆ ಅರ್ಥವಾಗುತ್ತದೆ, ಇನ್ನೊಬ್ಬರು ಮಿಕಿಮಿಕಿ ನೋಡುತ್ತಾರೆ. ಇದನ್ನು ಸರಿ ಮಾಡಬೇಕಾದವರು ನಿಮ್ಮ ಯಜಮಾನರು. ಊಟದ ಮೇಜಿನಲ್ಲಿ ಎಲ್ಲರೂ ನಕ್ಕಾಗ ಪಕ್ಕದಲ್ಲಿ ಕೂತವಳಿಗೆ ಕಿವಿಯಲ್ಲಿ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು?

ಈಗ ಅವರ ವಿಷಯಕ್ಕೇ ಬರೋಣ. ರೈಲಿನ ಟಿಕೆಟ್ ಹೊರಡುವ ದಿನಕ್ಕೆ 60 ದಿನ ಮೊದಲು, ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ. ಡಿಸೆಂಬರ್ 23ಕ್ಕೆ ಅಂದರೆ ಅಕ್ಟೋಬರ್ 24ಕ್ಕೆ. ಕ್ರಿಸ್‌ಮಸ್ ರಶ್‌ನಲ್ಲಿ ಮಂಗಳೂರು ರಾತ್ರಿ ರೈಲಿಗೆ ಸೀಟು ಸಿಕ್ಕಿದೆ ಎಂದರೆ ಅವರು ಗಡಿಯಾರ ನೋಡಿಕೊಂಡು ಕೂತಿದ್ದಿರಬೇಕು. ಊರಿನ ಸೆಳೆತ ಅಂಥದ್ದು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ 60 ದಿನ ಮುಂಚೆ ರೈಲನ್ನು ನೆನಪಿಟ್ಟುಕೊಂಡವರಿಗೆ ಹಿಂದಿನ ರಾತ್ರಿ ಹೆಂಡತಿಯನ್ನು ಕೇಳುವುದು ಯಾಕೆ ನೆನಪಾಗಲಿಲ್ಲ? ಜೂನ್‌ನಲ್ಲಿ ಮಾವನಿಗೆ ಸ್ಟೆಂಟ್ ಹಾಕಿದ್ದು ಯಾಕೆ ನೆನಪಾಗಲಿಲ್ಲ? ಇದನ್ನು ನೀವು ಅವರಿಗೆ ಕೇಳಲೇಬೇಕು.

ಕೇಳುವಾಗ ಒಂದು ಎಚ್ಚರ. ಕೇಕ್, ಗುಳಿಯೊ, ನಾದಿನಿ, ಪೂಜೆಯಲ್ಲಿ ಮಗು ಅತ್ತದ್ದು, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಅವರ ಮುಂದೆ ಸುರಿಯಬೇಡಿ. ಅವರು ಅದರಲ್ಲಿ ಅತಿ ಸಣ್ಣದನ್ನು ಹೆಕ್ಕಿ, 'ಇಷ್ಟಕ್ಕೆಲ್ಲಾ ಬೇಜಾರಾ' ಅನ್ನುತ್ತಾರೆ. ಎರಡೇ ಹೇಳಿ. 'ನನ್ನ ಕೈ ಸುಡುತ್ತಿದ್ದಾಗ ನೀವು ವೀಡಿಯೊ ಮಾಡಿದಿರಿ, ಅದನ್ನು ಎಲ್ಲರಿಗೂ ತೋರಿಸಿದಿರಿ.' 'ನನ್ನ ಹಬ್ಬ ಎಲ್ಲಿ ಅಂತ ನನ್ನನ್ನು ಕೇಳದೆ ನಿರ್ಧಾರ ಮಾಡಿದಿರಿ.' ಮಗಳು ಮಲಗಿದ ಮೇಲೆ, ಟಿವಿ ಆರಿಸಿ ಹೇಳಿ. ಆ ವೀಡಿಯೊ ಅಳಿಸಿ ಅಂತಲೂ ಹೇಳಿ. ಗುಂಪಿನ ಎಲ್ಲರ ಫೋನಿನಿಂದ ಈಗ ಹೋಗಲಿಕ್ಕಿಲ್ಲ, ಆದರೂ ಅವರ ಕೈಯಿಂದಾದರೂ ಹೋಗಲಿ. ನಗಿಸಬೇಕು ಅಂತ ಮಾಡಿದ್ದೇ ಹೊರತು ಅವಮಾನ ಮಾಡಬೇಕು ಅಂತ ಇರಲಿಕ್ಕಿಲ್ಲ, ಒಪ್ಪೋಣ. ಹಾಗಿದ್ದರೆ ಕ್ಷಮೆ ಕೇಳುವುದು ಇನ್ನೂ ಸುಲಭ ಅಲ್ವಾ?

ಮೈಸೂರಿಗೆ ಹೋಗುವುದು ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ, ಹೋಗಲೇಬೇಕು. ನಾಲ್ಕು ವರ್ಷ ಮಗಳಿಲ್ಲದ ಕ್ರಿಸ್‌ಮಸ್ ಕಂಡ ಅಪ್ಪ ಈ ವರ್ಷ ಆಸ್ಪತ್ರೆಯ ಮುಖವನ್ನೂ ನೋಡಿ ಬಂದಿದ್ದಾರೆ. ಆದರೆ 'ಒಬ್ಬಳೇ' ಅನ್ನುವ ಪದ ಬಿಡಿ. ಒಬ್ಬರೇ ಹೋದರೆ ಅದು ತವರಿಗೆ ಹೋದ ಹಾಗಾಗುವುದಿಲ್ಲ, ಮುನಿಸಿಕೊಂಡು ಹೋದ ಹಾಗಾಗುತ್ತದೆ. ಬಾಗಿಲು ತೆಗೆದ ಅಪ್ಪ ಮೊದಲು ಕೇಳುವುದೇ 'ಅಳಿಯಂದಿರು ಎಲ್ಲಿ' ಅಂತ. ಆ ಪ್ರಶ್ನೆ ಅವರ ಎದೆಗೂ ಒಳ್ಳೆಯದಲ್ಲ, ನಿಮಗೂ ಬೇಡ.

ಮೂವರೂ ಹೋಗಿ. ಆ ರೈಲಿನ ಟಿಕೆಟ್ ರದ್ದು ಮಾಡಿಸಿ. ಈಗಲೇ ಮಾಡಿದರೆ ಕಡಿತ ದೊಡ್ಡದಾಗಿ ಇರದು. 23ಕ್ಕೆ ಮೈಸೂರು. 24ರ ಜಾಗರಣೆ, 25ರ ಊಟ ಅಲ್ಲೇ. ಈಗ ಎಷ್ಟೋ ಚರ್ಚುಗಳಲ್ಲಿ ಜಾಗರಣೆಯ ಬಲಿಪೂಜೆ ಸಂಜೆಯೇ ಆಗುತ್ತದೆ, ನಡುರಾತ್ರಿಯವರೆಗೆ ಮಗುವನ್ನು ಎಬ್ಬಿಸಿಡಬೇಕಾಗಿಲ್ಲ. ಅದೂ ಆಗದಿದ್ದರೆ 25ರ ಬೆಳಗಿನ ಪೂಜೆ ಇದ್ದೇ ಇದೆ. 26ಕ್ಕೆ ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಇಳಿಯಿರಿ. ಘಾಟಿಯಲ್ಲಿ ಮಗಳಿಗೆ ವಾಂತಿಯಾದರೆ ಇರಲಿ ಅಂತ ಒಂದು ಟವೆಲ್, ಎರಡು ಕವರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

'ಹಬ್ಬ ಮುಗಿದ ಮೇಲೆ ಹೋಗಿ ಏನು' ಅಂತ ಯಜಮಾನರು ಅನ್ನಬಹುದು. ಹಬ್ಬ 25ಕ್ಕೆ ಮುಗಿಯುವುದಿಲ್ಲ ಅನ್ನುವುದು ಅವರಿಗೂ ಗೊತ್ತು. ಚರ್ಚಿನ ಲೆಕ್ಕದಲ್ಲಿ ಕ್ರಿಸ್‌ಮಸ್ ಕಾಲ ಜನವರಿಯಲ್ಲಿ ಪ್ರಭು ಯೇಸುವಿನ ಸ್ನಾನದೀಕ್ಷೆಯ ಹಬ್ಬದವರೆಗೆ ಇರುತ್ತದೆ. ಕ್ರಿಸ್‌ಮಸ್ ಆದ ಮೇಲಿನ ಭಾನುವಾರ ಪವಿತ್ರ ಕುಟುಂಬದ ಹಬ್ಬ, ಅದನ್ನು ಮಂಗಳೂರಿನಲ್ಲಿ ಮಾಡಿ. ಕುಸ್ವಾರ್ ಡಬ್ಬಿ ಅಷ್ಟು ಬೇಗ ಖಾಲಿಯಾಗುವ ಮನೆ ಕರಾವಳಿಯಲ್ಲಿ ನಾನಂತೂ ನೋಡಿಲ್ಲ. ಮುಂದಿನ ವರ್ಷ ಸರದಿ ತಿರುಗಿಸಿ, ಮೊದಲು ಮಂಗಳೂರು, ಆಮೇಲೆ ಮೈಸೂರು. ಈ ಬದಲಾವಣೆಯನ್ನು ಅತ್ತೆಗೆ ಹೇಳಬೇಕಾದವರು ಅವರ ಮಗ. ನೀವಲ್ಲ. ಸೊಸೆ ಹೇಳಿದರೆ ಅದು ದೂರು ಆಗುತ್ತದೆ, ಮಗ ಹೇಳಿದರೆ ಸುದ್ದಿಯಾಗುತ್ತದೆ. ಅವರಿಗೆ ಬೇಸರವಾಗುತ್ತದೆ, ಆಗದೆ ಇರುತ್ತದಾ? ನಾಲ್ಕು ದಿನ ಫೋನಿನಲ್ಲಿ ಮಾತು ಚುಟುಕಾಗಬಹುದು. ಅಷ್ಟನ್ನು ತಡೆದುಕೊಳ್ಳಿ.

ಹೋಗುವಾಗ ಮೈಸೂರಿನಿಂದ ಒಂದು ಡಬ್ಬಿ ಕಜ್ಜಾಯ ಕಟ್ಟಿಸಿಕೊಂಡು ಹೋಗಿ. ನಿಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಕಜ್ಜಾಯ ಮಾಡುತ್ತಾರೆ, ಗೋದಲಿಗೆ ಅಪ್ಪ ತಟ್ಟೆಯಲ್ಲಿ ರಾಗಿ ಚೆಲ್ಲಿ ಪೈರು ಬೆಳೆಸುತ್ತಾರೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ, ಜಾಗ ಸಾಲದೆ ಇಲ್ಲಿ ಹಾಕಿಲ್ಲ. ಕಳೆದ ವರ್ಷ ನಿಮ್ಮ ಬೆಂಗಳೂರಿನ ಮನೆಯಲ್ಲಿ ಇವೆರಡೂ ಇದ್ದವಾ? ಇರಲಿಲ್ಲ ಅನ್ನಿಸುತ್ತದೆ. ನೀವು ಮಾಡಿದ್ದೆಲ್ಲಾ ಅತ್ತೆಯ ಮನೆಯ ತಿಂಡಿ, ಅತ್ತೆಯ ಎದುರಿಗೇ. ಆ ಪರೀಕ್ಷೆಯಲ್ಲಿ ಮೂವತ್ತು ವರ್ಷ ಕುಸ್ವಾರ್ ಮಾಡಿದವರೇ ಪಾಸಾಗುವುದು. ನಿಮಗೆ ಚೆನ್ನಾಗಿ ಬರುವುದನ್ನು ಅವರು ಒಂದು ಸಲವೂ ತಿಂದೇ ಇಲ್ಲ.

ಮಗಳ ವಿಷಯ ಒಂದು ಉಳಿಯಿತು. ಬಾಲಯೇಸುವಿನ ಬೊಂಬೆ ಜನವರಿಯಲ್ಲಿ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು, ಅವಳಿಗೆ ಶಿಸ್ತು ಕಲಿಸಬೇಕಾ ಅಂತಲೂ ಕೇಳಿದ್ದೀರಿ. ಏನೂ ಬೇಡ. 1223ರಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸ್‌ರು ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಮಾಡಿದಾಗ ಜೀವಂತ ಎತ್ತು, ಕತ್ತೆಗಳನ್ನೇ ತಂದು ನಿಲ್ಲಿಸಿದ್ದರು. ಅದು ನಿಜದ ಹಾಗೆ ಕಾಣಲಿ ಅಂತ. ನಿಮ್ಮ ಮಗಳು ಅದನ್ನು ನಿಜ ಅಂತಲೇ ನಂಬಿ, ಪಾಪುವನ್ನು ಅಕ್ಕಿಯಲ್ಲಿ ಮಲಗಿಸಿದ್ದಾಳೆ. ನೀವು ಬೊಂಬೆಯನ್ನು ಮೊದಲೇ ಇಟ್ಟದ್ದರಿಂದ ಈ ಪಾಡು. ಈ ಸಲ ಅದನ್ನು 24ರ ರಾತ್ರಿವರೆಗೆ ನಿಮ್ಮಪ್ಪ ಅಂಗಿ ಜೇಬಲ್ಲೇ ಇಟ್ಟುಕೊಳ್ಳಲಿ. ಇಡುವ ಹೊತ್ತಿಗೆ ಮೊಮ್ಮಗಳನ್ನು ಕರೆದು, ಅವಳ ಕೈಗೇ ಕೊಡಲಿ.