ಬಲಗಾಲಿನ ಹುಡುಗ, ಎಡಗಡೆಯ ಕಾವಲು

ಪ್ರಶ್ನೆ: ಮಗ ಬೆಳಗಾವಿಯ ಲೇಲೆ ಮೈದಾನದಲ್ಲಿ ಫುಟ್‌ಬಾಲ್ ಆಡುತ್ತಾನೆ. ಬಲಗಾಲಿನವನು. ಕೋಚ್ ಅವನನ್ನು ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್ ಮಾಡಿದ್ದಾರೆ. ಮುಖ ಊದಿಸಿಕೊಂಡಿದ್ದಾನೆ. ಡಿಫೆಂಡರ್‌ಗೆ ಹೆಸರು ಬರುತ್ತಾ?
– ಓದುಗರೊಬ್ಬರು, ಟಿಳಕವಾಡಿ

ಉತ್ತರ: ಇಟಲಿಯ ಡಿಫೆಂಡರ್ ಪಾವ್ಲೊ ಮಾಲ್ದೀನಿ ಹೆಸರು ಹೇಳಿ ನೋಡಿ. ಅವರೂ ಬಲಗಾಲಿನವರೇ, ಆಡಿದ್ದು ಜಾಸ್ತಿ ಎಡಗಡೆ. 1985ರ ಜನವರಿಯಲ್ಲಿ, 16ನೇ ವಯಸ್ಸಿಗೆ ಎಸಿ ಮಿಲಾನ್‌ಗೆ ಇಳಿದವರು 2009ರವರೆಗೆ ಬೇರೆ ಕ್ಲಬ್ ಕಡೆ ತಲೆ ಹಾಕಲಿಲ್ಲ. ಒಟ್ಟು 902 ಪಂದ್ಯ, 7 ಲೀಗ್ ಪ್ರಶಸ್ತಿ, 5 ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್). ಅಪ್ಪ ಚೆಸಾರೆ 1963ರಲ್ಲಿ ಮಿಲಾನ್ ನಾಯಕರಾಗಿ ಎತ್ತಿದ ಕಪ್ಪನ್ನೇ ಮಗ 2003ರಲ್ಲಿ ನಾಯಕರಾಗಿ ಎತ್ತಿದರು.

ನನಗೆ ಇಷ್ಟ ಅಂದರೆ ಅವರು ನಿಲ್ಲುವ ರೀತಿ. ವಿಂಗರ್, ಅಂದರೆ ಅಂಚಿನಲ್ಲಿ ನುಗ್ಗುವ ಎದುರಾಳಿ, ಚೆಂಡು ತಂದರೆ ಸುಮ್ನೆ ಕಾಲು ಹಾಕುತ್ತಿರಲಿಲ್ಲ. ಮೈ ಸ್ವಲ್ಪ ಓರೆ ಮಾಡಿ, ಒಳದಾರಿ ಮುಚ್ಚಿ, ಅವನನ್ನು ಗೆರೆಯ ಕಡೆಗೆ ನೂಕುತ್ತಿದ್ದರು. ನೆಲಕ್ಕೆ ಬೀಳುವ ಟ್ಯಾಕಲ್ ಕಡೆಯ ಉಪಾಯ. ನಮ್ಮ ಹುಡುಗರು ಮೊದಲೇ ಜಾರುತ್ತಾರೆ, ಮಣ್ಣಿನ ಮೈದಾನದಲ್ಲಿ ಮೊಣಕಾಲು ತರಚಿಕೊಳ್ಳುತ್ತಾರೆ!

ಗೋಲು ಹೊಡೆಯೋ ಆಸೆ ಇದ್ದರೆ 2005ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ತೋರಿಸಿ. ಲಿವರ್‌ಪೂಲ್ ವಿರುದ್ಧ ಮೊದಲ ನಿಮಿಷದಲ್ಲೇ ಗೋಲು, ಅದೂ ಬಲಗಾಲಲ್ಲಿ. ಆ ಪಂದ್ಯವನ್ನು ಮಿಲಾನ್ 3-0 ಮುನ್ನಡೆ ಕಳೆದುಕೊಂಡು ಪೆನಾಲ್ಟಿಯಲ್ಲಿ ಸೋತಿತು, ಅದು ಬೇರೆ ಕಥೆ. ಅವರ 3ನೇ ನಂಬರ್ ಅಂಗಿಯನ್ನು ಕ್ಲಬ್ ಬೇರೆ ಆಟಗಾರರಿಗೆ ಕೊಡದೆ ಎತ್ತಿಟ್ಟಿತು. ಹೆಸರು ಇನ್ನೇನು ಬೇಕು?

ಮಗನಿಗೆ ದಿನಾ ಸ್ವಲ್ಪ ಹೊತ್ತು ಎಡಗಾಲಲ್ಲಿ ಗೋಡೆಗೆ ಪಾಸ್ ಹೊಡೆಸಿ. ಪಕ್ಕದ ಮನೆಯವರ ಗೋಡೆ ಬೇಡ.