ಸಿಂಹದ ಮನೆಯಲ್ಲಿ ಯಜಮಾನನಿಗೆ ಏನು ಕೆಲಸ?

ಈ ತಿಂಗಳ ಪತ್ರಗಳಲ್ಲಿ ಸಿಂಹದ ಪ್ರಶ್ನೆಗಳೇ ಜಾಸ್ತಿ. ಉತ್ತರ ಬರೆಯುವ ನಾನು ಮೂವತ್ತು ವರ್ಷ ಮಲೆನಾಡಿನಲ್ಲಿ ಹಸು, ಎಮ್ಮೆಗಳ ಡಾಕ್ಟರಾಗಿದ್ದವನು. ಮಾತಿನಲ್ಲಿ ಸ್ವಲ್ಪ ಕೊಟ್ಟಿಗೆ ವಾಸನೆ ಬಂದರೆ ಸಹಿಸಿಕೊಳ್ಳಿ.

ಪ್ರಶ್ನೆ: ಬೇಟೆಯಾಡುವುದೆಲ್ಲ ಹೆಣ್ಣು, ಗಂಡು ಬಿದ್ದುಕೊಂಡಿರುತ್ತದೆ, ಊಟಕ್ಕೆ ಮಾತ್ರ ಮೊದಲು ಬರುತ್ತದೆ ಅಂತ ಟೀವಿಯಲ್ಲಿ ನೋಡಿದೆ. ನಮ್ಮ ಮನೆಯವರನ್ನು ಬೈಯುವಾಗ ಇದನ್ನೇ ಹೇಳುತ್ತೇನೆ. ನಿಜ ತಾನೇ? (ಗೃಹಿಣಿ, ತಿಪಟೂರು)

ಉತ್ತರ: ಬೈಯುವುದನ್ನು ಬಿಡಬೇಡಿ ಅಮ್ಮ, ಉದಾಹರಣೆ ಮಾತ್ರ ಬದಲಿಸಿ. ಮಲಗುವುದರಲ್ಲಿ ಹೆಣ್ಣೂ ಏನೂ ಕಡಿಮೆಯಿಲ್ಲ. ದಿನದ 24 ಗಂಟೆಯಲ್ಲಿ 16ರಿಂದ 20 ಗಂಟೆ ಎರಡೂ ಬಿದ್ದುಕೊಂಡೇ ಇರುತ್ತವೆ.

ತಾಂಜಾನಿಯಾದ ಸೆರೆಂಗೆಟಿಯಂಥ ಬಯಲಿನಲ್ಲಿ ಬೇಟೆ ಬಹುಪಾಲು ಹೆಣ್ಣುಗಳದ್ದೇ. ಆದರೆ ದಕ್ಷಿಣ ಆಫ್ರಿಕಾದ ಕ್ರೂಗರ್ ಕಾಡಿನಲ್ಲಿ ಸಿಂಹಗಳ ಕುತ್ತಿಗೆಗೆ ಪಟ್ಟಿ ಕಟ್ಟಿ, ಎಲ್ಲೆಲ್ಲಿ ಹೋಗುತ್ತವೆ ಅಂತ ನೋಡಿದರು. ಗಂಡುಗಳು ದಟ್ಟ ಪೊದೆಯಲ್ಲಿ ಹೊಂಚು ಹಾಕಿ, ತಮ್ಮ ಪಾಡಿಗೆ ತಾವು ಬೇಟೆಯಾಡುತ್ತಿದ್ದವು. ಬಯಲಲ್ಲಿ ಜೀಪು ನಿಲ್ಲಿಸಿ ಕ್ಯಾಮೆರಾ ಹಿಡಿದವರಿಗೆ ಪೊದೆಯೊಳಗಿನದು ಹೇಗೆ ಕಾಣಬೇಕು?

ಗಂಡಿಗೆ ಇನ್ನೊಂದು ಕೆಲಸವಿದೆ, ಗಡಿ ಕಾಯುವುದು. ರಾತ್ರಿ ಗರ್ಜಿಸಿದರೆ 8 ಕಿಲೋಮೀಟರ್ ದೂರಕ್ಕೂ ಕೇಳುತ್ತದೆ. 'ನಾನಿದ್ದೇನೆ, ಇತ್ತ ಬರಬೇಡ' ಎಂಬ ಎಚ್ಚರಿಕೆ ಅದು. ಈ ಕಾವಲು ತಪ್ಪಿದರೆ ಕಥೆ ಮುಗಿಯಿತು. ಹೊಸ ಗಂಡುಗಳು ನುಗ್ಗಿ ಹಳಬನನ್ನು ಓಡಿಸುತ್ತವೆ, ಚಿಕ್ಕ ಮರಿಗಳನ್ನು ಕೊಂದುಬಿಡುತ್ತವೆ. ಕ್ರೂರ ಅನಿಸುತ್ತದೆ, ಅಲ್ವಾ? ಕರು ಮೊಲೆ ಕುಡಿಯುತ್ತಿದ್ದರೆ ಹಸು ಬೆದೆಗೆ ಬರುವುದು ತಡವಾಗುತ್ತದೆ ಅಂತ ಹಸು ಸಾಕಿದವರಿಗೆ ಗೊತ್ತು. ಸಿಂಹದಲ್ಲೂ ಅದೇ ಲೆಕ್ಕ. ಮರಿ ಹೋದರೆ ತಾಯಿ ಬೇಗ ಬೆದೆಗೆ ಬರುತ್ತದೆ. ಬಂದವನಿಗೆ ಕಾಯಲು ಪುರುಸೊತ್ತಿಲ್ಲ, ಯಾಕೆಂದರೆ ಅವನ ಯಜಮಾನಿಕೆಯೂ ಸಾಮಾನ್ಯವಾಗಿ ಎರಡು ಮೂರು ವರ್ಷದ್ದು. ಅದಕ್ಕೇ ಗಂಡುಗಳು ಅಣ್ಣ ತಮ್ಮಂದಿರ ಜೊತೆ ಗುಂಪು ಕಟ್ಟಿಕೊಳ್ಳುತ್ತವೆ. ಒಂಟಿಯಾಗಿದ್ದವನು ಬೇಗ ಸೋಲುತ್ತಾನೆ.

ಊಟಕ್ಕೆ ಮೊದಲು ಬರುವ ವಿಷಯ ಮಾತ್ರ ನಿಮ್ಮದೇ ಸರಿ. ಅದನ್ನು ಧಾರಾಳವಾಗಿ ಬಳಸಿಕೊಳ್ಳಿ.

ಪ್ರಶ್ನೆ: ಗೀರ್ ಸಿಂಹಗಳ ಸಂಸಾರ ಆಫ್ರಿಕಾದವುಗಳಂತೆಯೇ ಇರುತ್ತದೆಯೇ ಸಾರ್? (ವಿದ್ಯಾರ್ಥಿ, ಧಾರವಾಡ)

ಉತ್ತರ: ಇಲ್ಲ ತಮ್ಮಾ. ಗುಜರಾತಿನ ಗೀರ್‌ನಲ್ಲಿ ಗಂಡುಗಳದ್ದೇ ಒಂದು ಗುಂಪು, ಹೆಣ್ಣು ಮತ್ತು ಮರಿಗಳದ್ದೇ ಇನ್ನೊಂದು. ಬೆದೆಯ ಕಾಲದಲ್ಲಿ, ಇಲ್ಲವೇ ದೊಡ್ಡ ಬೇಟೆ ಬಿದ್ದಾಗ ಸೇರುತ್ತವೆ, ಮತ್ತೆ ತಮ್ಮ ತಮ್ಮ ದಾರಿ. ಅಲ್ಲಿನ ಹೆಣ್ಣುಗಳ ಜಾಣತನ ನನಗೆ ಬಹಳ ಇಷ್ಟ. ಅಕ್ಕಪಕ್ಕದ ಬೇರೆ ಬೇರೆ ಗುಂಪಿನ ಗಂಡುಗಳ ಜೊತೆಗೂ ಕೂಡುತ್ತವೆ. ಹುಟ್ಟಿದ ಮರಿ ತನ್ನದೇ ಇರಬಹುದು ಅಂತ ಕೂಡಿದ ಎಲ್ಲ ಗಂಡುಗಳಿಗೂ ಅನುಮಾನ. ಹಾಗಾಗಿ ಆ ಗಂಡುಗಳು ಸಾಮಾನ್ಯವಾಗಿ ಮರಿ ಮುಟ್ಟುವುದಿಲ್ಲ.

ಇನ್ನೊಂದು ಸಂಗತಿ. ಬೇರೆ ಕರು ಕೆಚ್ಚಲಿಗೆ ಬಾಯಿ ಹಾಕಿದರೆ ನಮ್ಮ ಹಸು ಝಾಡಿಸಿ ಒದೆಯುತ್ತದೆ. ನನ್ನ ಮಂಡಿಯೇ ಸಾಕ್ಷಿ, ಆ ಒದೆತ ಬಿದ್ದದ್ದು ಕರುವಿಗಲ್ಲ, ನನಗೆ. ಸಿಂಹಿಣಿಯರು ಹಾಗಲ್ಲ. ಅಕ್ಕ ತಂಗಿಯರು ಒಟ್ಟಿಗೆ ಮರಿ ಸಾಕುವಾಗ ಒಬ್ಬಳ ಮರಿ ಇನ್ನೊಬ್ಬಳ ಹಾಲು ಕುಡಿಯುವುದುಂಟು, ಅದೂ ಹೆಚ್ಚಾಗಿ ಅವಳು ನಿದ್ದೆಯಲ್ಲಿದ್ದಾಗ ಕದ್ದು. 2018ರ ಕೊನೆಗೆ ಗೀರ್‌ನಲ್ಲಿ ಒಂದು ಸಿಂಹಿಣಿ ಚಿರತೆ ಮರಿಯನ್ನೇ ಸಾಕಿಕೊಂಡಿತು! ಸಿಂಹಕ್ಕೂ ಚಿರತೆಗೂ ಹುಟ್ಟು ವೈರ. ಆದರೂ ತನ್ನ ಎರಡು ಮರಿಗಳ ಜೊತೆ ಅದಕ್ಕೂ ಹಾಲು ಕೊಟ್ಟಿತು. ಸುಮಾರು ಒಂದೂವರೆ ತಿಂಗಳಾದ ಮೇಲೆ ಆ ಚಿರತೆ ಮರಿ ಸತ್ತು ಬಿದ್ದಿತ್ತು. ಕೊಯ್ದು ನೋಡಿದರೆ ಹುಟ್ಟಿನಿಂದಲೇ ಹರ್ನಿಯಾ. ಸಿಂಹದ ಹಲ್ಲಿನ ಗುರುತು ಒಂದೂ ಇರಲಿಲ್ಲ.

ಪ್ರಶ್ನೆ: ಹೊಯ್ಸಳರ ಲಾಂಛನದಲ್ಲಿ ಸಿಂಹ ಇದೆ. ಹಾಗಾದರೆ ನಮ್ಮಲ್ಲೂ ಸಿಂಹ ಇತ್ತೇ? (ಬೇಲೂರು)

ಉತ್ತರ: ಹಿಂದೆ ಉತ್ತರ ಭಾರತದ ಬಯಲಿನಲ್ಲಿ ಬಿಹಾರದವರೆಗೂ ಇತ್ತು. ನರ್ಮದೆ ದಾಟಿ ಕೆಳಗೆ ಬಂದಿರಲಿಲ್ಲ ಎನ್ನುತ್ತಾರೆ. ಸಳ ಹೊಯ್ದದ್ದು ಹುಲಿ ಅನ್ನುವ ಕಥೆಯೂ ಇದೆ ತಾನೇ. ನಿಮ್ಮೂರಿನ ಗುಡಿಯ ಮುಂದೆ ನಿಂತು ಆ ಪ್ರಾಣಿಯ ಕಣ್ಣು, ಬಾಯಿ, ಗುಂಗುರು ಕೂದಲು ನೋಡಿ. ಕೆತ್ತಿದವರಿಗೆ ಅಸಲಿ ಸಿಂಹದ ಗೊಡವೆಯೇ ಇರಲಿಲ್ಲ ಅನಿಸುತ್ತದೆ. ಅದಕ್ಕೇ ಅಷ್ಟು ಚೆನ್ನಾಗಿದೆ.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಲ್ಲ, ಕಾಡಿನಲ್ಲಿ ಸಿಂಹ ನೋಡಿದ್ದೀರಾ? (ಸಾಗರ)

ಉತ್ತರ: ನಮ್ಮ ಕಡೆಯವರ ಪ್ರಶ್ನೆ ಹೀಗೇ, ನೇರ ಬುಡಕ್ಕೇ ಕೊಡಲಿ! ನಿವೃತ್ತಿಯಾದ ವರ್ಷ ಗೀರ್‌ಗೆ ಹೋಗಿದ್ದೆ. ಎರಡು ದಿನ ಸಫಾರಿ ಜೀಪಿನಲ್ಲಿ ತೇಗದ ಒಣ ಎಲೆ, ಧೂಳು, ಜಿಂಕೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಬೇಸರವಾಗಿ ಮೂರನೇ ದಿನ ಕಾಡಂಚಿನ ಹಳ್ಳಿಯ ಒಬ್ಬ ಮಾಲ್ಧಾರಿಯ ಮನೆಗೆ ಹೋದೆ. ಮಾಲ್ಧಾರಿಗಳೆಂದರೆ ದನ ಎಮ್ಮೆ ಮೇಯಿಸುವ ಜನ. ಕೊಟ್ಟಿಗೆಯ ಸುತ್ತ ಮುಳ್ಳಿನ ಬೇಲಿ, ಒಳಗೆ ಜಾಫರಾಬಾದಿ ಎಮ್ಮೆಗಳು. ಕೆನ್ನೆಯ ಪಕ್ಕಕ್ಕೆ ಜೋತುಬಿದ್ದ ದಪ್ಪ ಕೊಂಬು, ಬಂಡೆಯಂಥ ಮೈ. ಸಿಂಹ ಎದುರಾದರೆ ಹಸು ಓಡುತ್ತದೆ, ಎಮ್ಮೆಗಳು ಒಟ್ಟಾಗಿ ತಿರುಗಿ ನಿಲ್ಲುತ್ತವೆ ಎಂದ ಮನೆಯ ಅಜ್ಜ. ನಾನು ಸಿಂಹ ಮರೆತು ಎಮ್ಮೆಯ ಬಾಯಿ ಬಿಡಿಸಿ ಹಲ್ಲು ನೋಡುತ್ತಾ ಕೂತೆ.

ಕತ್ತಲಾದ ಮೇಲೆ ಕಾಡಿನ ಕಡೆಯಿಂದ ಗರ್ಜನೆ ಶುರುವಾಯಿತು. ಒಂದಲ್ಲ, ಎರಡು ಗಂಡು, ಒಂದಾದ ಮೇಲೊಂದು. ಎದೆಯೊಳಗೇ ಗುಡುಗಿದ ಹಾಗೆ. ನಾನು ಎದ್ದು ನಿಂತೆ. ಎಮ್ಮೆಗಳು ಮೆಲುಕು ಹಾಕುವುದನ್ನು ನಿಲ್ಲಿಸಲಿಲ್ಲ. ಅಜ್ಜ 'ಸಾವಜ್' ಎಂದ. ಅವರ ಮಾತಿನಲ್ಲಿ ಸಿಂಹಕ್ಕೆ ಹಾಗನ್ನುತ್ತಾರೆ. ಆಮೇಲೆ ಕಂಬಳಿ ಎಳೆದುಕೊಂಡು ಮಗ್ಗುಲಾದ. ನನಗೆ ಮಾತ್ರ ಬೆಳಗಿನವರೆಗೂ ನಿದ್ದೆಯಿಲ್ಲ. ಕಣ್ಣಿಗೆ ಬೀಳಲಿಲ್ಲ ಮಾರಾಯ್ರೇ, ಕಿವಿಗೆ ಬಿದ್ದದ್ದು ಅಷ್ಟೇ.