ಗುರುತು ಹಾಕಿದಷ್ಟೂ ಭಯ

ಪ್ರಶ್ನೆ: ಬೆಳಗಿನ ಪ್ರಾರ್ಥನೆ, ಶುಕ್ರವಾರದ ಉಪವಾಸ, ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆ ಕೊಡುವುದು) ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ನಡೆಸುತ್ತಿದ್ದೇನೆ. ಒಂದು ದಿನ ತಪ್ಪಿದರೂ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಕೈತಪ್ಪಿತೇನೋ ಎಂದು ನಿದ್ದೆ ಬರುವುದಿಲ್ಲ. ಇನ್ನೇನು ಮಾಡಬೇಕು?

ಉತ್ತರ: ಮೊದಲು ಆ ಗುರುತು ಹಾಕುವುದನ್ನು ನಿಲ್ಲಿಸಿ. ಪ್ರಾರ್ಥನೆ ತಪ್ಪಿದರೆ ಮರುದಿನ ಎರಡರಷ್ಟು ಮಾಡಿ ಸರಿದೂಗಿಸಲೂ ಹೋಗಬೇಡಿ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 18ನೇ ಅಧ್ಯಾಯ ತೆಗೆದು ನೋಡಿ, ಅಲ್ಲಿ ಯೇಸು ಹೇಳಿದ ಒಂದು ಕಥೆಯಿದೆ. ಪ್ರಾರ್ಥನೆಗೆಂದು ದೇವಾಲಯಕ್ಕೆ ಇಬ್ಬರು ಬರುತ್ತಾರೆ. ಒಬ್ಬ ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು; ವಾರಕ್ಕೆ ಎರಡು ಸಲ ಉಪವಾಸ ಮಾಡುವವನು (ನಿಮಗಿಂತ ಒಂದು ದಿನ ಹೆಚ್ಚೇ!), ದಶಮಾಂಶ ಕೊಡುವವನು. ಅವನು ಸುಳ್ಳು ಹೇಳುತ್ತಿದ್ದನೆಂದು ಕಥೆ ಎಲ್ಲೂ ಹೇಳುವುದಿಲ್ಲ. ನಾವೇ ಅವನನ್ನು ಡಾಂಭಿಕನೆಂದು ಬೈದು ಸುಲಭವಾಗಿ ಪಾರಾಗುತ್ತೇವೆ. ಇನ್ನೊಬ್ಬ ಸುಂಕದವನು, ತೆರಿಗೆ ವಸೂಲಿ ಮಾಡುವವನು, ಜನ ಪಾಪಿಯೆಂದು ಹೀಗಳೆಯುತ್ತಿದ್ದವನು. ದೂರದಲ್ಲಿ ನಿಂತ ಅವನ ಹತ್ತಿರ ತೋರಿಸಲು ಏನೂ ಇಲ್ಲ. ಕಣ್ಣನ್ನೂ ಮೇಲೆತ್ತದೆ, ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ದೇವರ ದೃಷ್ಟಿಯಲ್ಲಿ ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಆ ಸುಂಕದವನೇ. ನನಗಂತೂ ಈ ತೀರ್ಪು ಇಂದಿಗೂ ಕಸಿವಿಸಿ ತರುತ್ತದೆ. ಶಿಸ್ತಿನಿಂದ ಬದುಕಿದವರಿಗೆಲ್ಲ ತರಬೇಕು.

ಹಾಗೆಂದು, ದೇವರ ಕರುಣೆಯನ್ನು ನೆಚ್ಚುವ ಆ ನಂಬಿಕೆಯನ್ನೇ ಹೊಸ ಸಾಧನೆಯಾಗಿ ಎಣಿಸಲು ಶುರುಮಾಡಬೇಡಿ. ಕೈಚಾಚಿದ್ದನ್ನು ಭಿಕ್ಷುಕ ತನ್ನ ದುಡಿಮೆ ಎನ್ನುತ್ತಾನೆಯೇ?

ಸತ್ಕ್ರಿಯೆಗಳ ಗತಿ? ಬೈಬಲಿನಲ್ಲೇ ಇರುವ, ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ, ರಕ್ಷಣೆ ದೇವರ ವರವೇ ಹೊರತು ಕ್ರಿಯೆಗಳ ಫಲವಲ್ಲ ಎಂದ ಬೆನ್ನಿಗೇ 10ನೇ ವಚನದಲ್ಲಿ ಸತ್ಕ್ರಿಯೆಗಳ ಮಾತು ಬರುತ್ತದೆ. ಅಲ್ಲಿನ ಕ್ರಮ ಗಮನಿಸಿ: ವರ ಮೊದಲು, ಕೆಲಸ ಆಮೇಲೆ. ನೀವು ಅದನ್ನು ತಿರುಗುಮುರುಗು ಮಾಡಿಕೊಂಡಿದ್ದೀರಿ, ಅಷ್ಟೆ. ಆರೋಗ್ಯ ಒಪ್ಪಿದರೆ ಶುಕ್ರವಾರದ ಉಪವಾಸ ನಡೆಯಲಿ, ನನ್ನದೇನೂ ತಕರಾರಿಲ್ಲ.